ಜಡ್ಜ ಸಾಯೇಬನ ಮೂರು ಕೂಗು

ನ್ಯಾಯಕ್ಕಿಂತ ದೊಡ್ಡದು ಈ ಲೋಕದಲ್ಲಿ ಇನ್ನೊಂದಿಲ್ಲ, ಅದರ ಎದುರು ಅರಸನೂ ಆಳೂ ಒಂದೇ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಊಟಕ್ಕೆ ಮುಂಚೆ ನಡೆಯುತ್ತಿತ್ತು, ಅದರಿಂದಾಗಿ ನಾವು ಬಹಳ ಸಲ ಆರಿದ ಗಂಜಿ ಉಂಡಿದ್ದೇವೆ ಎಂಬುದನ್ನಷ್ಟೇ ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ನ್ಯಾಯದ ದಿನ ಯಾವುದೆಂದು ತಿಳಿಯಲು ಪಂಚಾಂಗ ಬೇಕಿರಲಿಲ್ಲ. ಹೊರಜಗಲಿಯ ಗೋಡೆಯಲ್ಲಿ ಒಂದು ಗೂಟ. ಗೂಟದಲ್ಲಿ ಅಗಲವಾದ ಕೆಂಪು ಸೊಂಟಪಟ್ಟಿ, ಪಟ್ಟಿಯ ನಡುವೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ. ಅಜ್ಜಿ ಅದನ್ನು ಹುಣಸೆಹಣ್ಣು ಹಾಕಿ ದೇವರ ದೀಪದ ಜೊತೆಗೇ ತಿಕ್ಕಿಡುತ್ತಿದ್ದಳು. ಬೆಳಂಬಾರದ ಶಾಲೆಯಿಂದ ಬರುವಾಗ ನಾನು ಮೊದಲು ನೋಡುತ್ತಿದ್ದುದು ಆ ಗೂಟವನ್ನು. ಪಟ್ಟಿ ಅಲ್ಲೇ ತೂಗುತ್ತಿದ್ದರೆ ಚೀಲ ಒಗೆದು ಒಳಗೆ ಓಡುವುದು. ಗೂಟ ಬರಿದಾಗಿದ್ದರೆ ಪಟ್ಟಿ ಅಜ್ಜನ ಸೊಂಟಕ್ಕೆ ಏರಿದೆ ಎಂದರ್ಥ. ಆಗ ನಾನು ಅಂಗಳದಲ್ಲೇ ನಿಂತು, ಆ ದಿನ ಬೆಳಗಿನಿಂದ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದೆ. ನೆನೆದಷ್ಟೂ ತಪ್ಪುಗಳು ಹೆಚ್ಚುತ್ತಿದ್ದವು.

ಅಜ್ಜ ಕಾರವಾರದ ಕೋರ್ಟಿನಲ್ಲಿ ಪಟ್ಟೇವಾಲನಾಗಿದ್ದವನು. ಕೋರ್ಟಿನ ಜಗಲಿಯಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗುವುದು ಅವನ ಕೆಲಸ. ಅವನ ಅಜ್ಜನೂ ಅದೇ ಜಗಲಿಯಲ್ಲಿ ಅದೇ ಕೆಲಸ ಮಾಡಿದ್ದ, ಆದರೆ ಇಂಗ್ಲಿಷ್ ಜಡ್ಜನ ಕೈಕೆಳಗೆ. ಗೂಟದ ಪಟ್ಟಿ ಆ ಕಾಲದ್ದು. ನಿವೃತ್ತಿಯಾದ ಮೇಲೆ ಕೂಗಲು ಯಾರೂ ಉಳಿಯದೆ ಅಜ್ಜ ನಮ್ಮನ್ನು ಕೂಗತೊಡಗಿದ. ಆಯಿ, ಅಂದರೆ ನನ್ನ ಅಮ್ಮ, ತವರಿಗೆ ಹೋಗಬಹುದೋ ಇಲ್ಲವೋ, ಇಶಾಡ ಮಾವಿನ ಮರಕ್ಕೆ ಈ ಸಲ ಯಾರು ಹತ್ತಬೇಕು, ನೈವೇದ್ಯದ ಪಾಯಸಕ್ಕೆ ನಾನು ಬೆರಳು ಅದ್ದಿದೆನೋ ಹೇಗೆ, ಎಲ್ಲವೂ ಅವನ ಮುಂದೆ ಬಂದು ಇತ್ಯರ್ಥವಾಗಬೇಕು. ಪಟ್ಟಿ ಬಿಗಿದು ಜಗಲಿಯ ತುದಿಯಲ್ಲಿ ನಿಂತು ಮೂರು ಸಲ ಹೆಸರು ಕೂಗುತ್ತಿದ್ದ. ಆಮೇಲೆ ತಾನೇ ಹೋಗಿ ಕುರ್ಚಿಯಲ್ಲಿ ಕೂತು, 'ಸಾಯೇಬ ಇದ್ದಿದ್ರೆ ಹೀಂಗೆ ಹೇಳ್ತಿದ್ದ' ಎಂದು ಶುರುಮಾಡಿ ತೀರ್ಪು ಕೊಡುತ್ತಿದ್ದ. ಸರಕಾರ ಕೊಡದ ಬಡ್ತಿಯನ್ನು ಹೀಗೆ ಅವನೇ ಪಡೆದುಕೊಂಡಿದ್ದ. ಮೂರನೆಯ ಕೂಗು ಮುಗಿಯುವುದರೊಳಗೆ ಎದುರು ಬಂದು ನಿಲ್ಲದವರ ಮಾತನ್ನು ಕೇಳುವ ಪದ್ಧತಿಯೇ ಇಲ್ಲ. ತೀರ್ಪು ಅವರ ವಿರುದ್ಧ. ಆಯಿ ಒಮ್ಮೆ ತಲೆಗೆ ಸೀಗೆಪುಡಿ ಹಾಕಿಕೊಂಡು ಬಚ್ಚಲಲ್ಲಿದ್ದಾಗ ಅಜ್ಜ ಕೂಗಿದ್ದ. ಆ ವರ್ಷದ ಚೌತಿಗೆ ಅವಳು ತವರಿಗೆ ಹೋಗಲಿಲ್ಲ. ಬಸ್ಸಿನ ಕಂಡಕ್ಟರನಾಗಿದ್ದ ಅಪ್ಪ ದಿನವಿಡೀ ಊರವರನ್ನು ಗದರಿಸಿ ಬಂದವನು, ಮನೆಯಲ್ಲಿ ಅಜ್ಜ ಕೆಮ್ಮಿದರೂ 'ಹಾಜರ್' ಎನ್ನುತ್ತಿದ್ದ.

ಜಡ್ಜನ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಸಿಕ್ಕಿರಲಿಲ್ಲ. ಅವನು ಬರೇ ಸಾಯೇಬ. ಆದರೆ ಅವನ ಜೀವನಚರಿತ್ರೆ ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಿತ್ತು, ಏಕೆಂದರೆ ಅಜ್ಜ ಅದನ್ನು ಮೀನಿನ ಮುಳ್ಳು ಬಿಡಿಸುತ್ತ ಬಿಡಿಸುತ್ತ ಊಟದುದ್ದಕ್ಕೂ ಹೇಳುತ್ತಿದ್ದ. ಸಾಯೇಬ ಅವನ ದೇಶದ ಒಬ್ಬ ಪಾದ್ರಿಯ ಮಗ. ಸೂರ್ಯ ಕಾಣದ ಊರು. ಚಳಿಗೆ ಶಾಯಿ ಗಟ್ಟಿಯಾಗುತ್ತಿತ್ತಂತೆ. ಸತ್ತುಹೋದ ಭಾಷೆಯೊಂದರಲ್ಲಿ ಪರೀಕ್ಷೆ ಕೊಟ್ಟು, ಗೆದ್ದು, ಹಡಗು ಹತ್ತಿ, ಮುಂಬಯಿಯಲ್ಲಿ ಮರಾಠಿ ಕಲಿತು ಕಾರವಾರಕ್ಕೆ ಬಂದು, ಇಲ್ಲಿಯ ಜನರ ಮಾತು ತಾನು ಕಲಿತದ್ದಲ್ಲ ಎಂದು ತಿಳಿದು ಮತ್ತೆ ಒಬ್ಬ ಮುನಶಿಯ ಮುಂದೆ ಕೂತ. ಗಾಳಿಮರಗಳ ನಡುವೆ ಬಂಗಲೆ. ಹೆಂಡತಿ ಒಂದು ಮಳೆಗಾಲ ಇದ್ದು, ಗೋಡೆಗೆ ಬಂದ ಬೂಷ್ಟು ನೋಡಿ ವಾಪಸು ಹೋದಳು. ಸಾಯೇಬ ಹೋಗಲಿಲ್ಲ. ಮೂರು ಕೂಗಿನ ಶಿಸ್ತು ತಂದವನು ಅವನೇ. ಇದು ಇತಿಹಾಸವೋ ಅಜ್ಜನ ಮನೆತನದ ಹೆಮ್ಮೆಯೋ ನಾನು ವಿಚಾರಿಸಲು ಹೋಗಿಲ್ಲ. ಅಜ್ಜ ಬೆರಳು ಎತ್ತಿ ಹೇಳುತ್ತಿದ್ದ:

"ಮೊದಲ್ನೇ ಕೂಗು ಕಿವಿಗೆ. ಎರಡ್ನೇದು ಕಾಲಿಗೆ. ಮೂರ್ನೇದು ಕಾಯ್ದೆಗೆ. ತೆಳೀತೇ?"

ಆಮೇಲೆ ಮಾಜಾಳಿಯ ಮೀನುಗಾರನ ಕತೆ. ಅವನಿಗೆ ದೋಣಿ ಎಳೆದಿಡುವ ಜಾಗದ ತಕರಾರು. ಆಗ ಕಾಳಿ ನದಿಗೆ ಸೇತುವೆ ಇರಲಿಲ್ಲ, ಮಾಜಾಳಿಯವರು ಕೋರ್ಟಿಗೆ ಬರಬೇಕಾದರೆ ನದಿಯ ಬಾಯನ್ನು ದೋಣಿಯಲ್ಲೇ ದಾಟಬೇಕು. ಆ ದಿನ ಇಳಿತ ಜೋರು, ಗಾಳಿ ಎದುರು. ಅವನು ಈಚೆ ದಡದ ನೀರಿಗೆ ಕಾಲಿಡುವಾಗ ಅಜ್ಜನ ಅಜ್ಜ ಮೂರನೆಯ ಸಲ ಕೂಗಿ ಮುಗಿಸಿದ. ಮೀನುಗಾರ ಮೊಣಕಾಲು ನೀರಲ್ಲಿ ನಿಂತೇ 'ಆಯ್ಲೆ, ಬಂದೆ' ಎಂದು ಒದರಿದ, ಒದ್ದೆ ಪಂಚೆಯಲ್ಲಿ ಮೆಟ್ಟಿಲು ಹತ್ತಿ ಬಂದ. ಸಾಯೇಬ ತಲೆಯೆತ್ತಲಿಲ್ಲ. ಜಾಗ ಹೋಯಿತು. ಅಜ್ಜ ಇಲ್ಲಿಗೆ ಕತೆ ನಿಲ್ಲಿಸಿ ಮಜ್ಜಿಗೆ ಬಡಿಸಲು ಹೇಳುತ್ತಿದ್ದ. ಅವನ ಪ್ರಕಾರ ಸಾಯೇಬ ಮುಂದೆ ಪಿಂಚಣಿ ಪಡೆದು, ಆಗಬೋಟಿಯಲ್ಲಿ ಊರಿಗೆ ಹೋಗಿ, ಹಾಸಿಗೆಯ ಮೇಲೆ ಸತ್ತ.

ಅಜ್ಜಿಯ ಪ್ರಕಾರ ಹಾಗಲ್ಲ. ಅಜ್ಜ ಕೈತೊಳೆಯಲು ಎದ್ದ ಮೇಲೆ ಅವಳ ಆವೃತ್ತಿ ಶುರುವಾಗುತ್ತಿತ್ತು. ಆ ಮೀನುಗಾರ ಮೆಟ್ಟಿಲು ಇಳಿದು ದೋಣಿ ಹತ್ತಿದವನು ಮಾಜಾಳಿಗೆ ಮುಟ್ಟಲೇ ಇಲ್ಲ. ದೋಣಿ ಮಾತ್ರ ಮುಟ್ಟಿತು. ಅಲ್ಲಿಂದ ಮುಂದೆ ಸಾಯೇಬನಿಗೆ ದೀಪ ಹಚ್ಚುವ ಹೊತ್ತಿಗೆ ಸಮುದ್ರದ ಕಡೆಯಿಂದ ಯಾರೋ ಹೆಸರು ಕರೆದಂತಾಗತೊಡಗಿತು. ಎರಡು ಸಲ. ಮೂರನೆಯದು ಇಲ್ಲ. ಊಟಕ್ಕೆ ಕೂತವನು ಚಮಚ ಕೆಳಗಿಟ್ಟು 'ಯಸ್' ಎಂದು ಏಳುತ್ತಿದ್ದನಂತೆ. ಹೊರಗೆ ಯಾರೂ ಇಲ್ಲ. ಕಡೆಗೊಂದು ಸಂಜೆ, ಮೂರನೆಯ ಕೂಗನ್ನು ಸರಿಯಾಗಿ ಕೇಳಬೇಕೆಂದು ಬೂಟು ಹಾಕಿಕೊಂಡೇ ನೀರಿಗೆ ನಡೆದ.

"ಸತ್ತವರಿಗೆ ಎರಡೇ ಸಲ ಕರೆಯೂಕೆ ಬತ್ತದೆ. ಮೂರ್ನೇದಕ್ಕೆ ಉಸಿರು ಎಲ್ಲಿಂದ ತರ್ತ್ರು? ಅದ್ಕೇ ಹೇಳೂದು ಮಗಾ, ಯಾರೇ ಕರೀಲಿ, ಮೂರ್ನೇ ಸಲ ಕೇಳೂವರೆಗೆ ಓ ಅನ್ಬೇಡ. ಓ ಅಂದ್ಯೋ, ಹೋದೆ."

ನಾನು ಇಬ್ಬರನ್ನೂ ನಂಬಿದ್ದೆ. ಸಾಯೇಬ ಇಂಗ್ಲೆಂಡಿನಲ್ಲಿ ಹಾಸಿಗೆಯ ಮೇಲೆ ಸತ್ತಿದ್ದ, ಮತ್ತು ನಮ್ಮ ಹಿತ್ತಲಿನ ಆಚೆ ಒದ್ದೆ ಬೂಟಿನಲ್ಲಿ ತಿರುಗುತ್ತಿದ್ದ. ಇವೆರಡರಲ್ಲಿ ವಿರೋಧವಿದೆ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ತೊಂದರೆ ಇದ್ದುದು ಬದುಕಿದ್ದವರ ಜೊತೆ. ಅಜ್ಜಿಯ ಮಾತಿನಂತೆ ಮೂರನೆಯ ಕೂಗಿಗೆ ಮುಂಚೆ ಓಗೊಟ್ಟರೆ ಜೀವ ಹೋಗುತ್ತದೆ. ಅಜ್ಜನ ಮಾತಿನಂತೆ ಮೂರನೆಯ ಕೂಗು ಮುಗಿದ ಮೇಲೆ ಓಗೊಟ್ಟರೆ ಮಾನ ಹೋಗುತ್ತದೆ. ಆದ್ದರಿಂದ ಮೂರನೆಯ ಕೂಗು ಶುರುವಾಗಿ ಮುಗಿಯುವುದರೊಳಗೆ, ಆ ಒಂದು ಸಪೂರ ಸಂದಿಯಲ್ಲಿ, ಅಡಿಗೆಮನೆಯಿಂದ ಹೊರಜಗಲಿಗೆ ಹಾರಿಬೀಳಬೇಕು. ನಮ್ಮ ಮನೆಯವರೆಲ್ಲ ಇದನ್ನು ಒಂದು ಕಸರತ್ತಿನಂತೆ ಕಲಿತಿದ್ದರು. ಮೊದಲ ಕೂಗಿಗೆ ಕೆಲಸ ಬಿಡುವುದು, ಎರಡನೆಯದಕ್ಕೆ ಬಾಗಿಲಿಗೆ ಬಂದು ಉಸಿರು ಬಿಗಿಹಿಡಿಯುವುದು, ಮೂರನೆಯದಕ್ಕೆ ಧುಮುಕುವುದು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಆ ಮೌನ ನನ್ನೊಳಗೆ ಹೊಕ್ಕಿದ್ದು ಇನ್ನೂ ಹೊರಟಿಲ್ಲ. ಇವತ್ತಿಗೂ ಮೊಬೈಲು ಮೂರು ಸಲ ರಿಂಗಾಗದೆ ನಾನು ಎತ್ತುವುದಿಲ್ಲ. ಪರಿಚಯದವರು ಇದನ್ನು ನನ್ನ ಜಂಭ ಎಂದು ತಿಳಿದಿದ್ದಾರೆ. ಹೆದರಿಕೆ ಎಂದು ಹೇಳುವುದಕ್ಕಿಂತ ಅದೇ ಮರ್ಯಾದೆ ಎಂದು ಸುಮ್ಮನಿದ್ದೇನೆ.

ಈ ವ್ಯವಸ್ಥೆಯೊಳಗೆ ಬಂದವಳು ನನ್ನ ಚಿಕ್ಕಿ, ಅಂದರೆ ಚಿಕ್ಕಪ್ಪನ ಹೆಂಡತಿ. ಹೆಸರು ಸುಮನ್. ಮಾಜಾಳಿಯವಳು, ಮೀನುಗಾರರ ಮನೆಯ ಹುಡುಗಿ. ನಮ್ಮದು ಗದ್ದೆಯ ಮನೆ. ಮೀನು ತಿನ್ನುವುದರಲ್ಲಿ ನಮಗೂ ಅವರಿಗೂ ಭೇದವಿರಲಿಲ್ಲ, ಹೆಣ್ಣು ತರುವುದರಲ್ಲಿ ಇತ್ತು. ಚಿಕ್ಕಪ್ಪ ಹೋಗಿ ಕಾರವಾರದಲ್ಲಿ ರಿಜಿಸ್ಟರ್ ಮದುವೆ ಮಾಡಿಕೊಂಡ. ಅಜ್ಜ ಮೂವತ್ತು ಚಿಲ್ಲರೆ ವರ್ಷ ಪರರ ಹೆಸರು ಕೂಗಿದ ಊರಿನಲ್ಲಿ ಅವನ ಸ್ವಂತ ಮಗನ ಹೆಸರನ್ನು ಇನ್ನೊಬ್ಬ ಪಟ್ಟೇವಾಲ ಕೂಗಿದ. ಅಜ್ಜನಿಗೆ ಹೆಚ್ಚು ನೋವಾದದ್ದು ಯಾವುದಕ್ಕೆ ಎಂದು ನನಗೆ ಈಗಲೂ ಅನುಮಾನ. ಚಿಕ್ಕಪ್ಪ ಅವಳನ್ನು ತಂದು ಬಿಟ್ಟು, ಗೋವಾದ ಹಡಗುಕಟ್ಟೆಗೆ ವೆಲ್ಡಿಂಗ್ ಕೆಲಸಕ್ಕೆ ಹೋದ. ಅವಳ ತವರಿನವರು ಬಾಗಿಲು ಹಾಕಿಕೊಂಡಿದ್ದರು. ಮಾಜಾಳಿಯ ದಾರಿ ಮುಚ್ಚಿತ್ತು. ನಮ್ಮ ಮನೆಯ ದಾರಿ ಹಿತ್ತಲಿನವರೆಗೆ ಮಾತ್ರ ತೆರೆದಿತ್ತು. ಅಡಿಗೆಮನೆಗೆ ಬರಬಾರದು, ದೇವರ ಕೋಣೆಯ ಮುಂದೆ ಹಾಯಬಾರದು, ಊಟ ಹಿಂದಿನ ಕಟ್ಟೆಯ ಮೇಲೆ. ರಾತ್ರಿ ನನ್ನ ಕೋಣೆಯಲ್ಲಿ ನನ್ನ ಪಕ್ಕದ ಚಾಪೆ. ಅಜ್ಜ ಅವಳ ಹೆಸರು ಎತ್ತಲಿಲ್ಲ. ಅವನಿಗೆ ಅವಳು 'ಅದು'. 'ಅದ್ಕೆ ಹೇಳು, ಬಾವಿಕಟ್ಟೆ ತೊಳೀಲಿ.' ಜೀವಮಾನವಿಡೀ ಹೆಸರು ಕರೆದೇ ಸಂಬಳ ತಿಂದ ಮನುಷ್ಯ ಒಂದು ಹೆಸರನ್ನು ಹೀಗೆ ಬಾಯೊಳಗೆ ಅಡಗಿಸಿಟ್ಟಿದ್ದ.

ಚಿಕ್ಕಿಗೆ ಮಾತ್ರ ಹೆದರಿಕೆ ಎಂಬುದು ಅಷ್ಟಾಗಿ ಬರುತ್ತಿರಲಿಲ್ಲ. ದೊಡ್ಡ ದನಿ, ದೊಡ್ಡ ನಗು. ಅವಳ ಪಾಲಿನ ಹೆದರಿಕೆಯನ್ನೂ ನಾನೇ ಹೆದರಬೇಕಾಗಿತ್ತು. ಒಂದು ದಿನ ಅಜ್ಜಿಗೆ ಜ್ವರ. ಆಯಿ ಗದ್ದೆಯಲ್ಲಿ. ಮಧ್ಯಾಹ್ನವಾಗುತ್ತ ಬಂದರೂ ಒಲೆ ಹೊತ್ತಿಲ್ಲ. ಚಿಕ್ಕಿ ಸೆರಗು ಸಿಕ್ಕಿಸಿ ಅಡಿಗೆಮನೆಗೆ ನಡೆದೇಬಿಟ್ಟಳು. ಬಂಗಡೆ ಸಾರು ಮಾಡಿ, ಬಡಿಸಲು ನನ್ನನ್ನು ಕಳಿಸಿದಳು. ಅಜ್ಜ ಉಂಡ. ಇನ್ನೊಮ್ಮೆ ಹಾಕಿಸಿಕೊಂಡ. 'ಇವತ್ತು ನಿನ್ನ ಅಜ್ಜಿಗೆ ಜ್ವರ ಬಂದದ್ದೇ ಚಲೋ ಆಯ್ತು, ಕೈಗೆ ರುಚಿ ಬಂದದೆ' ಎಂದ. ಆಮೇಲೆ, ಅಜ್ಜಿ ಹೊದ್ದು ಮಲಗಿರುವುದನ್ನು ಕಂಡ. ಬಟ್ಟಲನ್ನು ನೋಡಿದ. ನನ್ನನ್ನು ನೋಡಿದ. ಕೈ ತೊಳೆದು ಬಂದು ಗೂಟದತ್ತ ನೋಡುತ್ತ ನಿಂತ.

"ಅದ್ಕೆ ಹೇಳು. ಆದಿತ್ಯವಾರ, ನಿನ್ನ ಅಪ್ಪಗೆ ರಜೆ ಇದ್ದ ದಿವಸ, ಕರೀತೆ. ಗಂಟು ಕಟ್ಟಿಟ್ಕಂಡೇ ಬರ್ಲಿ."

ಗಂಟು ಕಟ್ಟಿಟ್ಟುಕೊಂಡು ಎಂದ ಮೇಲೆ ತೀರ್ಪು ಮೊದಲೇ ಆಗಿತ್ತು. ಕೂಗುವುದಷ್ಟೇ ಬಾಕಿ. ಅಪ್ಪ ಅಂಕೋಲೆಯ ಎಸ್‌ಟಿಡಿ ಬೂತಿನಿಂದ ಚಿಕ್ಕಪ್ಪನ ಮೇಲಿನ ಮೇಸ್ತ್ರಿ ಮುಕಾದಮನಿಗೆ ಫೋನು ಮಾಡಿದ. ಹಡಗು ನೀರಿಗಿಳಿಯುವ ಹೊತ್ತು, ರಜೆಯಿಲ್ಲ ಎಂದು ಉತ್ತರ ಬಂತು. ಆದರೂ ಒಂದು ಆಸೆ ನನಗಿತ್ತು. ಸರಿಯಾದ ಹೊತ್ತಿಗೆ ಎದುರು ಬಂದು ನಿಂತರೆ ಮಾತಾಡಲು ಬಿಡುವುದು ಸಾಯೇಬನ ಪದ್ಧತಿ, ಅಜ್ಜ ಅದನ್ನು ಮೀರುವವನಲ್ಲ. ಚಿಕ್ಕಿಗೆ ಮಾತು ಬರುತ್ತಿತ್ತು. ಬಾರದ್ದು ಕಾಯುವುದು. ಬಾವಿಕಟ್ಟೆಯ ಮೇಲೆ ಅವಳಿಗೆ ನಾನು ತಾಲೀಮು ಕೊಡತೊಡಗಿದೆ. ನಾನು ಅಜ್ಜನ ದನಿಯಲ್ಲಿ ಒಂದು ಸಲ ಕೂಗುವುದೇ ತಡ, ಅವಳು ಕೊಡ ಇಟ್ಟು 'ಆಯ್ಲೆ!' ಎನ್ನುತ್ತಿದ್ದಳು.

"ಮೊದಲ್ನೇದಕ್ಕೆ ಅನ್ಬಾರ್ದು ಚಿಕ್ಕಿ! ಅದು ಸಾಯೇಬ ಆಗಿದ್ರೆ?"

"ಸಾಯೇಬ ಆದ್ರೆ ಆಯ್ತು ಬಿಡ್ ಗೋ. ಪಾಪ, ಅವಂಗೆ ಏನೋ ಬೇಕಾಗಿರ್ತದೆ."

"ಸತ್ತ್ ಹೋತೆ ನೀನು!"

"ನಮ್ಮಲ್ಲಿ ನೀರೊಳಗೆ ಬಿದ್ದಂವ ಮೂರ್ ಮೂರ್ ಸಲ ಕರೀತಾ ಕೂತ್ಕಳೂದಿಲ್ಲ ಹುಡ್ಗಿ. ಒಂದ್ಸಲ ಕೇಳ್ತು ಅಂದ್ರೆ ಓಡೂದೇ. ನಿಮ್ಮದು ಒಣ ನೆಲ. ನಿಮಗೆ ಪುರಸೊತ್ತು ಅದೆ."

ನಾನು ಅತ್ತುಬಿಟ್ಟೆ. ಆಗ ಅವಳು ನಗು ನಿಲ್ಲಿಸಿ, ನನ್ನ ಕೆನ್ನೆ ಒರೆಸಿ, ಮೂರನೆಯದಕ್ಕೇ ಬರುತ್ತೇನೆ ಎಂದು ಬಾವಿಯ ನೀರು ಮುಟ್ಟಿ ಹೇಳಿದಳು.

ಆದಿತ್ಯವಾರ ಗೂಟ ಬೆಳಗಿನಿಂದಲೇ ಬರಿದಾಗಿತ್ತು. ಅಜ್ಜ ಗಂಜಿ ಕುಡಿಯಲಿಲ್ಲ. ಕೋರ್ಟಿನಲ್ಲಿ ಹೇಗೋ ಹಾಗೆ ನಮ್ಮಲ್ಲೂ ಹೆಸರು ಕೂಗುವವರೆಗೆ ಯಾರೂ ಹೊರಜಗಲಿಯಲ್ಲಿ ಇರಕೂಡದು. ಅಪ್ಪ ಒಳಜಗಲಿಯ ಕಂಬಕ್ಕೆ ಆತು ಕೂತಿದ್ದ. ಆಯಿ ಅಡಿಗೆಮನೆಯಲ್ಲಿ, ಅಜ್ಜಿ ದೇವರ ಮುಂದೆ. ಚಿಕ್ಕಿಯೂ ನಾನೂ ಬಾವಿಯ ಹತ್ತಿರ. ಅವಳ ಗಂಟು ಕಟ್ಟೆಯ ಮೇಲಿತ್ತು, ಒಂದು ಸೀರೆಯಲ್ಲಿ ಇನ್ನೆರಡು ಸೀರೆ. ಕೈ ಸುಮ್ಮನಿರಲಾರದೆ ನೀರು ಸೇದುತ್ತಿದ್ದಳು. ಪಕ್ಕದ ಮನೆಯ ಟಿವಿಯಲ್ಲಿ ಯಾವುದೋ ಧಾರಾವಾಹಿಯ ಹೆಂಗಸು ಅಳುತ್ತಿದ್ದಳು. ಆಗ ಕೂಗು ಬಂತು.

"ಮಾಜಾಳಿ ಸುಮನ್... ಹಾಜರ್ ಹೈ?"

ಅವಳ ಹೆಸರು ಆ ಬಾಯಲ್ಲಿ ಬಂದದ್ದು ಅದೇ ಮೊದಲು. ಹಂಚಿನ ಮೇಲಿನ ಪಾರಿವಾಳಗಳು ಎದ್ದವು. ಚಿಕ್ಕಿಯ ಬಾಯಿ ತೆರೆದೇ ಇತ್ತು, ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಬಾಯಿ ಮುಚ್ಚಿದಳು. ಎರಡನೆಯ ಕೂಗು ಬರಲು ತಡವಾಯಿತು. ಬಂದಾಗ ಅದು ಅಜ್ಜನ ದನಿಯಂತಿರಲಿಲ್ಲ. ಜಗಲಿಯಿಂದ ಬಂದಂತೆಯೂ ಇರಲಿಲ್ಲ. ನೀರಿನ ಅಡಿಯಿಂದ ಯಾರೋ ಬಾಯಿ ತಿರುಚಿ ಆಡಿದಂತೆ, ಅರ್ಧ ಹೆಸರು, ಅದೂ ಕಡೆಗೆ ಎಳೆದು ನಿಂತುಹೋಯಿತು.

ನಾವು ಮೂರನೆಯದಕ್ಕೆ ಕಾದೆವು. ಮೂರನೆಯದು ಬರಲಿಲ್ಲ.

ಆ ಹೊತ್ತನ್ನು ನಾನು ಅಳೆಯಲಾರೆ. ಧಾರಾವಾಹಿ ಮುಗಿದು ಸಾಬೂನಿನ ಜಾಹೀರಾತು ಬಂದದ್ದು ನೆನಪಿದೆ. ಅಪ್ಪ ಒಳಜಗಲಿಯಿಂದ ಏಳಲಿಲ್ಲ, ಕಾಯ್ದೆ ಉಸಿರು ತೆಗೆದುಕೊಳ್ಳುತ್ತಿದೆ ಎಂದು ಅವನ ಭಾವನೆ. ಆಯಿ ಸೌಟು ಹಿಡಿದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಎರಡೇ ಕೂಗು. ಹಾಡುಹಗಲಿನಲ್ಲಿ, ಎಲ್ಲರೂ ಎಚ್ಚರವಿರುವಾಗ, ನಮ್ಮದೇ ಜಗಲಿಯಿಂದ. ಸಾಯೇಬ ಬಂದಿದ್ದಾನೆ, ಮಾಜಾಳಿಯವರನ್ನು ಹುಡುಕಿಕೊಂಡು ಬಂದಿದ್ದಾನೆ ಎಂಬುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ದೇವರ ಕೋಣೆಯೊಳಗಿಂದ ಅಜ್ಜಿಯ ದನಿ ಬಂತು:

"ಯಾರೂ ಓ ಅನ್ಬೇಡಿ! ಅದು ಅವ್ರಲ್ಲ. ಯಾರೂ ಹೋಗ್ಬೇಡಿ ಜಗಲಿಗೆ!"

ಯಾರೂ ಹೋಗಲಿಲ್ಲ. ಚಿಕ್ಕಿ ನನ್ನ ಮುಖ ನೋಡಿದಳು. ಮಾತು ಕೊಟ್ಟದ್ದು ಅವಳಿಗೆ ನೆನಪಿತ್ತು, ಕಣ್ಣಲ್ಲೇ ಕೇಳಿದಳು. ನಾನು ಬೇಡ ಬೇಡ ಎಂದು ತಲೆಯಾಡಿಸಿದೆ. ಅವಳು ಹಗ್ಗ ಬಿಟ್ಟಳು. ಕೊಡ ರಾಟೆಯನ್ನು ಗರಗರ ತಿರುಗಿಸುತ್ತ ಬಾವಿಗೆ ಬಿದ್ದ ಸದ್ದು ಮುಗಿಯುವ ಮೊದಲೇ ಅವಳು ಓಡುತ್ತಿದ್ದಳು.

"ಆಯ್ಲೆ! ಮಾವಾ, ಆಯ್ಲೆ!"

ಬರಬಾರದ ಅಡಿಗೆಮನೆಯೊಳಗಿಂದ, ಹಾಯಬಾರದ ದೇವರ ಕೋಣೆಯ ಮುಂದಿನಿಂದ, ಅಪ್ಪನ ಚಾಚಿದ ಕಾಲುಗಳನ್ನು ದಾಟಿ ಹೋದಳು. ಅವಳನ್ನು ಸಾಯೇಬನ ಕೈಗೆ ಒಬ್ಬಳನ್ನೇ ಬಿಡಲಾರದೆ ಅಳುತ್ತ ನಾನೂ ಹಿಂದೆ ಓಡಿದೆ. ಜಗಲಿಯಲ್ಲಿ ಸಾಯೇಬ ಇರಲಿಲ್ಲ. ಅಜ್ಜ ಮೆಟ್ಟಿಲ ಮೇಲೆ ತಲೆಕೆಳಗಾಗಿ ಒರಗಿದ್ದ. ಬಾಯಿ ಒಂದು ಕಡೆಗೆ ಜಾರಿತ್ತು. ಸೊಂಟದ ಪಟ್ಟಿ ಮೇಲೆ ಸರಿದು ಎದೆಯನ್ನು ಬಿಗಿದಿತ್ತು. ಒಂದು ಕಣ್ಣು ನಮ್ಮನ್ನು ನೋಡುತ್ತಿತ್ತು, ಇನ್ನೊಂದು ನೋಡುತ್ತಿರಲಿಲ್ಲ. ಮೂರನೆಯ ಕೂಗಿಗಾಗಿ ಅವನ ತುಟಿ ಇನ್ನೂ ಅಲುಗುತ್ತಿತ್ತು. ಚಿಕ್ಕಿ ಪಟ್ಟಿ ಬಿಚ್ಚಿ ಅಂಗಳಕ್ಕೆ ಒಗೆದಳು. ಅದರ ಬಿಲ್ಲೆ ಕಲ್ಲಿಗೆ ಬಡಿದು ಠಣ್ಣೆಂದಿತು. ಆಗ ಅಪ್ಪನಿಗೆ ಎಚ್ಚರವಾಯಿತು.

"ಭಾವಾ, ಎಂತಾ ನೋಡ್ತ್ರಿ? ಕಾಲ್ ಹಿಡೀರಿ!"

ಸಮುದ್ರದ ಕಡೆಯಿಂದ ಮೀನಿನ ಟೆಂಪೊ ಬರುತ್ತಿತ್ತು. ಚಿಕ್ಕಿ ರಸ್ತೆಯ ನಡುವೆ ನಿಂತು ಕೊಂಕಣಿಯಲ್ಲಿ ಆ ಡ್ರೈವರನ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ನೆನೆದಳು. ಟೆಂಪೊ ನಿಂತಿತು. ಬರ್ಫದ ಪೆಟ್ಟಿಗೆಗಳ ನಡುವೆ, ಅವಳ ತೊಡೆಯ ಮೇಲೆ ತಲೆಯಿಟ್ಟು ಅಜ್ಜ ಅಂಕೋಲೆಯ ಆಸ್ಪತ್ರೆಗೆ ಹೋದ, ಅಲ್ಲಿಂದ ಕಾರವಾರಕ್ಕೆ. ಬಿದ್ದು ಎಷ್ಟು ಹೊತ್ತಾಯಿತು ಎಂದು ಡಾಕ್ಟರು ಕೇಳಿದರಂತೆ. ಮೂರನೆಯ ಸಲ ಕರೆಯಲಿ ಎಂದು ಕಾಯುತ್ತಿದ್ದೆವು ಎಂಬುದನ್ನು ಡಾಕ್ಟರರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ಹೇಗೆಂದು ಅಪ್ಪನಿಗೆ ಹೊಳೆಯಲಿಲ್ಲ.

ಅಜ್ಜ ಮನೆಗೆ ಬಂದ. ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಹೊರಜಗಲಿಯಲ್ಲೇ ಮಂಚ ಹಾಕಿದರು. ಏನಾದರೂ ಬೇಕಾದರೆ ಎಡಗೈಯಿಂದ ಮಂಚದ ಅಂಚಿಗೆ ಮೂರು ಸಲ ಕುಟ್ಟುತ್ತಿದ್ದ. ರೂಢಿ ಹೋಗಿರಲಿಲ್ಲ. ನಾವೆಲ್ಲ ನಮ್ಮ ನಮ್ಮ ಬಾಗಿಲಲ್ಲಿ ಮೂರನೆಯದಕ್ಕೆ ಉಸಿರು ಬಿಗಿಹಿಡಿದು ನಿಂತಿರುವಾಗ, ಚಿಕ್ಕಿ ಮೊದಲನೆಯದಕ್ಕೇ ಅಡಿಗೆಮನೆಯಿಂದ 'ಆಯ್ಲೆ' ಎಂದು ಹೋಗಿ ನಿಂತಿರುತ್ತಿದ್ದಳು. ಉಳಿದೆರಡನ್ನು ಅಜ್ಜ ಅವಳ ಮುಖ ನೋಡುತ್ತ ಕುಟ್ಟಬೇಕಾಗುತ್ತಿತ್ತು. ಕೆಲವು ದಿನ ಹಟಕ್ಕೆ ಕುಟ್ಟಿದ. ಆಮೇಲೆ ಒಂದೇ ಸಲ ಕುಟ್ಟತೊಡಗಿದ. ಅದು ಅನುಗ್ರಹವೋ ಆಯಾಸವೋ ಹೇಳಲು ಅವನಿಗೆ ಬಾಯಿರಲಿಲ್ಲ, ಊಹಿಸಲು ನನಗೆ ಧೈರ್ಯವಿರಲಿಲ್ಲ. ಪಟ್ಟಿಯನ್ನು ಅಪ್ಪ ಅಂಗಳದಿಂದ ಎತ್ತಿ ತಂದು ಗೂಟಕ್ಕೆ ಹಾಕಿದ. ನಾನು ಶಾಲೆಯಿಂದ ಬರುವಾಗ ಅದು ಯಾವಾಗಲೂ ಅಲ್ಲೇ ಇರುತ್ತಿತ್ತು. ಆದರೂ ಮೊದಲು ಅದನ್ನೇ ನೋಡುತ್ತಿದ್ದೆ.

ಮೂರನೆಯ ಕೂಗು ಆಗದ್ದರಿಂದ ಆ ಪ್ರಕರಣದಲ್ಲಿ ತೀರ್ಪು ಬರಲಿಲ್ಲ. ಚಿಕ್ಕಿ ಈಗಲೂ ಅದೇ ಮನೆಯಲ್ಲಿದ್ದಾಳೆ.